ಗಾಯವಿಲ್ಲದ ಕೊರಳು

ನನಗೆ ಗುಂಡು ತಗುಲಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಜಾವಗಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಈಗಲೂ ಯಾರಾದರೂ ಹೊಸಬರಿಗೆ ನನ್ನನ್ನು ತೋರಿಸಿ, ಇವರು ಕಾರ್ಗಿಲ್ಲಿನಲ್ಲಿ ಗಂಟಲಿಗೆ ಗುಂಡು ತಿಂದು ಬದುಕಿ ಬಂದವರು ಎನ್ನುತ್ತಾರೆ. ನಾನು ಇಲ್ಲವೆನ್ನುತ್ತೇನೆ. ಅವರು ನನ್ನ ವಿನಯಕ್ಕೆ ಮೆಚ್ಚಿ ತಲೆಯಾಡಿಸುತ್ತಾರೆ. ಮತ್ತೊಮ್ಮೆ ಇಲ್ಲವೆನ್ನುವ ಧೈರ್ಯ ಎಷ್ಟೋ ಸಲ ನನಗಿರುವುದಿಲ್ಲ.

ನಡೆದದ್ದು ಇಷ್ಟು. ಯುದ್ಧಭೂಮಿಯಲ್ಲಿ ಒಂದು ಬೆಳಿಗ್ಗೆ ನನ್ನ ಧ್ವನಿ ಹೋಯಿತು. ಹಲವು ತಿಂಗಳು ಬರಲಿಲ್ಲ. ಗಂಟಲಿನಲ್ಲಿ ಹುಣ್ಣಿಲ್ಲ, ಗಡ್ಡೆಯಿಲ್ಲ, ಗಾಯವಿಲ್ಲ. ಮೈಮೇಲೆ ಒಂದು ಗೀರೂ ಇರಲಿಲ್ಲ. ಹೋದ ವರ್ಷ ಹಳೇಬೀಡಿನ ಕಡೆಯ ಒಬ್ಬ ಟೀಚರಮ್ಮ ನಮ್ಮ ಮನೆ ಹುಡುಕಿಕೊಂಡು ಬಂದರು. ಮಗಳು ತೀರಿಕೊಂಡ ಮೇಲೆ ಅವರಿಗೂ ಹೀಗೇ ಆಗಿತ್ತು. ನನ್ನ ಎದುರು ಕೂತು, ಉಸಿರಿನಷ್ಟೇ ಸಣ್ಣ ಸದ್ದಿನಲ್ಲಿ, ಜನ ನಾಟಕ ಅನ್ನುತ್ತಾರೆ ಸರ್ ಎಂದು ಹೇಳಿ ತಲೆ ತಗ್ಗಿಸಿದರು. ಆ ತಗ್ಗಿದ ತಲೆಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಪಲ್ಟನ್ನಿನಲ್ಲಿ ವೈರ್‌ಲೆಸ್ ಸೆಟ್ ನೋಡಿಕೊಳ್ಳುತ್ತಿದ್ದವನು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೇಲಿನವರ ಮಾತನ್ನು ಕೆಳಗಿನವರಿಗೆ, ಕೆಳಗಿನವರ ಮಾತನ್ನು ಮೇಲಿನವರಿಗೆ ಮುಟ್ಟಿಸುವುದು ಕೆಲಸ. ಆ ವರ್ಷ ಬೇಸಿಗೆಯಲ್ಲಿ ರಜೆಯ ಮೇಲೆ ಊರಿಗೆ ಬಂದಿದ್ದೆ. ನನ್ನ ಹೆಂಡತಿ ರತ್ನ ಬಸುರಿ. ಮೊದಲ ಹೆರಿಗೆಯಲ್ಲಿ ಮಗು ಉಳಿದಿರಲಿಲ್ಲ. ಆಗ ನಾನು ರಾಜಸ್ಥಾನದಲ್ಲಿದ್ದೆ, ಮಣ್ಣು ಮಾಡಿದ ಮೇಲೆ ಬಂದು ತಲುಪಿದ್ದೆ. ಈ ಸಲ ಹೆರಿಗೆಯಾಗುವವರೆಗೂ ಕದಲುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ಕೂಡಲೇ ಹೊರಡು ಎಂದು ತಂತಿ ಬಂತು.

ರತ್ನ ಅಳಲಿಲ್ಲ. ನನ್ನ ಟ್ರಂಕಿಗೆ ಬಟ್ಟೆ ಜೋಡಿಸಿಕೊಟ್ಟಳು. ಮಾದಿಹಳ್ಳಿಯ ತವರಿಗೆ ಅವಳನ್ನು ಬಿಟ್ಟು ನಾನು ಅರಸೀಕೆರೆಯಲ್ಲಿ ರೈಲು ಹತ್ತಿದೆ. ಅಪ್ಪ ಸ್ಟೇಷನ್ನಿಗೆ ಬಂದಿದ್ದರು. ಅವರು ಕೊಬ್ಬರಿ ವ್ಯಾಪಾರದವರು. ಅರಸೀಕೆರೆಯ ಮಂಡಿಯಲ್ಲಿ ಅವರನ್ನು ಅರಿಯದವರಿಲ್ಲ. ಮಗ ಮಿಲಿಟರಿಯಲ್ಲಿದ್ದಾನೆ ಎಂಬುದು ಅವರ ಪಾಲಿಗೆ ಮಂಡಿಯಲ್ಲಿ ಒಂದು ಅಂತಸ್ತು. ರೈಲು ಹೊರಟಾಗ ಕೈ ಬೀಸದೆ ಸೆಟೆದು ನಿಂತಿದ್ದರು, ತಾವೇ ಸಿಪಾಯಿ ಎಂಬಂತೆ.

ಬೆಟ್ಟದ ಮೇಲಿನ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಕಲ್ಲು ಪೇರಿಸಿ ಕಟ್ಟಿದ ಮೋಟುಗೋಡೆಯ ಮರೆಯಲ್ಲಿ ಸೆಟ್ ಇಟ್ಟುಕೊಂಡು ಕೂರುತ್ತಿದ್ದೆ. ಹಿಮ ಕರಗಿಸಿದ ನೀರು ಸೀಮೆಎಣ್ಣೆ ನಾರುತ್ತಿತ್ತು. ತಣ್ಣಗಾಗಿ ಚರ್ಮದಂತಾದ ಪೂರಿಗಳನ್ನು ಜೇಬಿನಲ್ಲಿಟ್ಟು ಮೈಶಾಖದಲ್ಲಿ ಮೆತ್ತಗೆ ಮಾಡಿಕೊಂಡು ತಿನ್ನುತ್ತಿದ್ದೆವು. ಶೆಲ್ ಬೀಳುವ ಸದ್ದಿಗಿಂತ ಅದು ಬೀಳುವ ಮುಂಚಿನ ಸಿಳ್ಳು ಹೆಚ್ಚು ಹೆದರಿಸುತ್ತಿತ್ತು. ಆ ಸಿಳ್ಳಿನ ನಡುವೆ ನಾನು ಲೆಕ್ಕ ಹಾಕುತ್ತಿದ್ದದ್ದು ರತ್ನಳ ತಿಂಗಳುಗಳನ್ನು. ಈಗ ನೋವು ಶುರುವಾಗಿರಬಹುದೇ, ಹಾಸನಕ್ಕೆ ಕರೆದುಕೊಂಡು ಹೋಗಲು ಗಾಡಿ ಸಿಕ್ಕಿರಬಹುದೇ ಎಂಬುದೇ ಯೋಚನೆ. ಅಲ್ಲಿಂದ ಮನೆಗೆ ಫೋನ್ ಮಾಡುವ ದಾರಿ ಇರಲಿಲ್ಲ.

ನಮ್ಮ ಪಲ್ಟನ್ನಿನಲ್ಲಿ ಕನ್ನಡ ಬಲ್ಲವನು ಇನ್ನೊಬ್ಬ ಇದ್ದ. ಈರಣ್ಣ, ಗೋಕಾಕದ ಕಡೆಯವನು. ಬೆನ್ನಿಗೆ ಚಿಕ್ಕ ಸೆಟ್ ಕಟ್ಟಿಕೊಂಡು, ಮೇಲೆ ಹತ್ತುವ ತಂಡದ ಜೊತೆ ಅವನು ಹೋದ. ಅವನ ಧ್ವನಿ ಬರುತ್ತಿದ್ದದ್ದು ನನ್ನ ಕಿವಿಗೆ. ಕೆಲಸದ ಮಾತೆಲ್ಲ ಹಿಂದಿಯಲ್ಲಿ, ಗುಪ್ತ ಪದಗಳಲ್ಲಿ ನಡೆಯಬೇಕು. ಆದರೆ ಕೊನೆಯಲ್ಲಿ ಅವನು ಒಂದು ಕನ್ನಡದ ಮಾತು ತೂರಿಸದೆ ಬಿಡುತ್ತಿರಲಿಲ್ಲ. ಅಂದು ಬೆಳಿಗ್ಗೆ ಅವನು ನನ್ನ ಹೆಸರನ್ನು ತನ್ನೂರಿನ ರೀತಿಯಲ್ಲಿ ಎಳೆದು ಹೇಳಿದ್ದು, "ರಾಜ್ಯಾ, ಕೆಳಗ ಚಾ ಕುದಿಯಾಕತ್ತೈತೇನು? ನನಗೊಂದ್ ಕಪ್ ತಗದಿಡು." ಇಟ್ಟಿರ್ತೀನಿ, ಇಳಿದು ಬಾ ಎಂದೆ.

ಆಮೇಲೆ ಅವನ ತಂಡ ಹತ್ತುತ್ತಿದ್ದ ಬೆಟ್ಟದ ಏಣಿನ ಮೇಲೆ ಶೆಲ್ಲುಗಳು ಬಿದ್ದವು. ನಾನು ಅವನನ್ನು ಕರೆಯುತ್ತಾ ಹೋದೆ. ಪಕ್ಕದಲ್ಲಿದ್ದ ಸಾಹೇಬರು ಕರೀತಾ ಇರು ಎಂದರು. ಮೊದಲು ಗುಪ್ತ ಹೆಸರಿನಿಂದ ಕರೆದೆ, ಆಮೇಲೆ ಈರಣ್ಣಾ ಎಂದೇ ಕರೆದೆ. ಗರಗರ ಸದ್ದು ಬಿಟ್ಟು ಬೇರೇನೂ ಬರಲಿಲ್ಲ. ಬಿಸಿಲು ನೆತ್ತಿಗೆ ಬಂದ ಮೇಲೆ ಯಾರೋ ನನ್ನ ಕಿವಿಯಿಂದ ಹೆಡ್‌ಫೋನ್ ತೆಗೆದು, ಸಾಕು ಎಂದರು.

ಮರುದಿನ ಬೆಳಿಗ್ಗೆ ಸಾಹೇಬರು ಒಂದು ಸುದ್ದಿ ಕಳಿಸಲು ಹೇಳಿದರು. ಗುಂಡಿ ಒತ್ತಿ ಬಾಯಿ ತೆರೆದೆ. ಗಾಳಿ ಬಂತು. ಥಂಡಿ ಇರಬೇಕೆಂದುಕೊಂಡು ಬಿಸಿನೀರು ಕುಡಿದೆ, ಮತ್ತೆ ಬಾಯಿ ತೆರೆದೆ. ಮತ್ತೆ ಗಾಳಿ. ಸಾಹೇಬರು ಸೆಟ್ಟನ್ನು ಬೇರೆಯವನ ಕೈಗೆ ಕೊಟ್ಟರು. ಎರಡು ದಿನ ಉಪ್ಪುನೀರು ಮುಕ್ಕಳಿಸಿದ ಮೇಲೆ ನನ್ನನ್ನು ಕೆಳಗೆ ಕಳಿಸಿದರು. ಕೈಕಾಲು ಹೋದವರನ್ನು ಸ್ಟ್ರೆಚರ್ ಮೇಲೆ ಇಳಿಸುತ್ತಿದ್ದ ದಾರಿಯದು. ನಾನು ನನ್ನ ಕಾಲ ಮೇಲೆ ನಡೆದು ಇಳಿದೆ. ಒಂದು ಸ್ಟ್ರೆಚರಿಗೆ ಹೆಗಲೂ ಕೊಟ್ಟೆ. ಅದರ ಮೇಲಿದ್ದ ಗಡ್ಡದ ಹವಾಲ್ದಾರ, ನಿನಗೇನಾಗಿದೆ ಎಂದು ಕೇಳಿದ. ಗಂಟಲು ಮುಟ್ಟಿ ತೋರಿಸಿದೆ. ಅವನು ನನ್ನ ಕೊರಳನ್ನು ಹುಡುಕುವಂತೆ ನೋಡಿ, ಏನೂ ಕಾಣದೆ ಕಣ್ಣು ಮುಚ್ಚಿಕೊಂಡ.

ದೊಡ್ಡ ಆಸ್ಪತ್ರೆಯಲ್ಲಿ ಗಂಟಲಿನ ಡಾಕ್ಟರು ಬಾಯೊಳಗೆ ಪುಟ್ಟ ಕನ್ನಡಿ ಇಳಿಸಿ ನೋಡಿದರು. ಎಲ್ಲ ಸರಿಯಾಗಿದೆ ಎಂದರು. ಆಮೇಲೆ, ಕೆಮ್ಮು ಎಂದರು. ಕೆಮ್ಮಿದೆ. ಗಟ್ಟಿಯಾದ, ನನ್ನದೇ ಧ್ವನಿಯ ಕೆಮ್ಮು ಬಂತು. ಬೆಚ್ಚಿದೆ. ಡಾಕ್ಟರು ಒರಟಾಗಿ ಮಾತಾಡಲಿಲ್ಲ. ಕೆಮ್ಮಿಗೆ ಧ್ವನಿ ಇದೆ ಎಂದರೆ ಗಂಟಲು ಕೆಟ್ಟಿಲ್ಲ, ತೊಂದರೆ ಬೇರೆ ಕಡೆ ಇದೆ, ಇದು ಸೈನಿಕರಿಗೆ ಆಗುವ ಕಾಯಿಲೆಯೇ ಎಂದು ವಿವರಿಸಿದರು. ಆದರೆ ಬಾಗಿಲಲ್ಲಿ ಸಾಲಾಗಿ ನಿಂತಿದ್ದವರು ಕೇಳಿಸಿಕೊಂಡದ್ದು ಕೆಮ್ಮನ್ನು ಮಾತ್ರ. ಸಂಜೆಗೆಲ್ಲ ಆ ಸುದ್ದಿ ವಾರ್ಡುಗಳಲ್ಲಿ ಹಬ್ಬಿತು. ಕೆಮ್ಮುವುದಕ್ಕೆ ಬರುತ್ತದೆ, ಮಾತಾಡುವುದಕ್ಕೆ ಬರುವುದಿಲ್ಲವಂತೆ. ಮೇಲೆ ಹೋಗಲು ಹೆದರಿ ಆಟ ಕಟ್ಟಿದ್ದಾನೆ.

ನನ್ನನ್ನು ಕಾರಿಡಾರಿನ ಕೊನೆಯ ವಾರ್ಡಿಗೆ, ಮನಸ್ಸಿನ ಕಾಯಿಲೆಯವರ ಕಡೆಗೆ ಬದಲಾಯಿಸಿದರು. ಹಣ್ಣಿನ ಬುಟ್ಟಿ, ಹೂವು ಹಿಡಿದುಕೊಂಡು ಆ ಊರಿನ ಹೆಂಗಸರು ಗಾಯಾಳುಗಳನ್ನು ನೋಡಲು ಬರುತ್ತಿದ್ದರು. ನಮ್ಮ ವಾರ್ಡಿನ ಬಾಗಿಲು ಬರುವ ಹೊತ್ತಿಗೆ ಯಾರೋ ಅವರನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸುತ್ತಿದ್ದರು. ಬೇಸರಕ್ಕಿಂತ ಸಮಾಧಾನವೇ ಆಗುತ್ತಿತ್ತು. ಎಲ್ಲಿ ಪೆಟ್ಟಾಗಿದೆ ಎಂದು ಅವರು ಕೇಳಿದ್ದರೆ ಏನನ್ನು ತೋರಿಸುವುದು?

ಎಲ್ಲಕ್ಕಿಂತ ಕೆಟ್ಟದ್ದು ಬೇರೆಯೇ ಇತ್ತು. ಜನ ಹೇಳುವುದು ನಿಜವಿರಬಹುದೇ ಎಂದು ನನಗೇ ಅನುಮಾನ. ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ಈಗ ಯಾರೂ ಇಲ್ಲ, ನಾಟಕವಾದರೆ ಈಗ ಮಾತಾಡು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕೊರಳ ನರ ಉಬ್ಬುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ತುಟಿ ಆಡಿಸಿದರೆ ಗೇಣು ದೂರಕ್ಕೂ ಕೇಳಿಸದ ಪಿಸುಗುಟ್ಟುವಿಕೆ ಮಾತ್ರ. ನಾಟಕವಲ್ಲ ಎಂದು ಆಗ ಖಾತರಿಯಾಗುತ್ತಿತ್ತು. ಹೊರಗೆ ಬಂದ ಕೂಡಲೇ ಮತ್ತೆ ಅದೇ ಅನುಮಾನ.

ಆಸ್ಪತ್ರೆಯಲ್ಲಿ ಮನೆಗೆ ಫೋನ್ ಮಾಡಲು ಬಿಡುತ್ತಿದ್ದರು. ಬ್ಯಾಂಡೇಜು ಸುತ್ತಿಕೊಂಡವರೆಲ್ಲ ಸಾಲಿನಲ್ಲಿ ನಿಂತು, ಚೆನ್ನಾಗಿದ್ದೇನೆ, ಚೆನ್ನಾಗಿದ್ದೇನೆ ಎಂದು ತಮ್ಮ ತಮ್ಮ ಭಾಷೆಗಳಲ್ಲಿ ಕೂಗುತ್ತಿದ್ದರು. ರತ್ನ ಹೆತ್ತಳೋ ಇಲ್ಲವೋ, ಬದುಕಿದ್ದಾಳೋ ಇಲ್ಲವೋ ನನಗೆ ತಿಳಿಯದು. ಆ ಸಾಲಿನತ್ತ ಹೋಗಿ ಹೋಗಿ ವಾಪಸು ಬರುತ್ತಿದ್ದೆ. ಪಕ್ಕದ ಹಾಸಿಗೆಯ ತೆಲುಗಿನವರು, ವಯಸ್ಸಾದ ಸುಬೇದಾರರು, ಇದನ್ನು ಗಮನಿಸಿದ್ದರು. ಒಂದು ದಿನ ನನ್ನ ರಟ್ಟೆ ಹಿಡಿದು ಕರೆದೊಯ್ದು, ನಂಬರು ಒತ್ತು ಎಂದರು.

ಮಾದಿಹಳ್ಳಿಯಲ್ಲಿ ಫೋನ್ ಇದ್ದದ್ದು ಅತ್ತೆಯ ಮನೆಯ ಪಕ್ಕ, ಹಾಲಿನ ಡೇರಿ ಸೆಕ್ರೆಟರಿಯ ಮನೆಯಲ್ಲಿ. ಸುಬೇದಾರರು ತಮಗೆ ಬರದ ಕನ್ನಡದಲ್ಲಿ, ರತ್ನ, ರತ್ನ, ಮಿಲಿಟರಿ ಎಂದು ಕೂಗಿ ರಿಸೀವರನ್ನು ನನ್ನ ಕೈಗಿಟ್ಟರು. ಕಾದೆ. ಚಪ್ಪಲಿ ಬಿಡುವ ಸದ್ದು, ಏದುಸಿರು, ಆಮೇಲೆ ಅವಳ ಹಲೋ.

ಬದುಕಿದ್ದಾಳೆ. ಗೋಡೆಗೆ ಒರಗಿದೆ. ಅವಳು ಮತ್ತೆ ಹಲೋ ಎಂದಳು, ಯಾರು ಎಂದಳು, ರೀ ಎಂದಳು. ನಾನು ಪಿಸುಗುಟ್ಟಿದ್ದು ಲೈನಿನ ಸದ್ದಿನಲ್ಲಿ ಮುಳುಗಿಹೋಯಿತು. ಇಟ್ಟುಬಿಡುತ್ತಾಳೆ ಎಂದುಕೊಂಡೆ. ಇಡಲಿಲ್ಲ.  ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದಳು, "ಮಾತಾಡೋಕೆ ಆಗ್ತಿಲ್ವಾ? ನೀವೇ ಆದ್ರೆ ಒಂದ್ಸಲಿ ಕೆಮ್ಮಿ."

ನಮ್ಮ ಕಡೆ ಗಂಡಸರು ಹೊರಗಿನಿಂದ ಬಂದಾಗ ಹೊಸ್ತಿಲಲ್ಲಿ ಕೆಮ್ಮಿ ಒಳಗೆ ಬರುವುದುಂಟು. ಅವಳಿಗೆ ನನ್ನ ಕೆಮ್ಮು ಗೊತ್ತು. ನಾನು ಕೆಮ್ಮಿದೆ. ಅತ್ತ ಕಡೆ ಅವಳು ಅಳಲು ಶುರುಮಾಡಿದಳು. ಅಳುತ್ತಲೇ ಸುದ್ದಿ ಹೇಳಿದಳು. ಹೆಣ್ಣು ಮಗು. ಹಾಸನದಲ್ಲಿ ಆಯಿತು. ಕೂಸು ಗಟ್ಟಿಯಾಗಿದೆ, ಕೂದಲು ಮಾತ್ರ ಇಲ್ಲ. ಕೇಳಿಸ್ತಾ? ನಾನು ಕೆಮ್ಮಿದೆ. ನನ್ನ ಹಿಂದೆ ಸಾಲಿನಲ್ಲಿದ್ದ ಯಾರೋ ನಕ್ಕರು. ಅವತ್ತು ಮಾತ್ರ ನನಗೆ ಅದು ನಾಟಲಿಲ್ಲ.

ಅಲ್ಲಿಂದ ಮುಂದೆ ಫೋನ್ ಮಾಡಿದಾಗಲೆಲ್ಲ ಅವಳು ಮಾತಾಡುವುದು, ನಾನು ಕೆಮ್ಮುವುದು. ಸುಬೇದಾರರ ಹರಕುಮುರುಕು ಕನ್ನಡದಲ್ಲಿ ವಿಷಯ ಮನೆಗೆ ತಲುಪಿತ್ತು. ಗಾಯ ಇಲ್ಲ, ಮಾತು ಇಲ್ಲ. ರತ್ನ ಅದನ್ನೇ ಅಪ್ಪನಿಗೆ ಹೇಳಿದ್ದಳು. ಅಪ್ಪ ಊರಿಗೆ ಹೇಳಿದ್ದು ಬೇರೆ.

ಅನಾರೋಗ್ಯದ ರಜೆ ಕೊಟ್ಟು ನನ್ನನ್ನು ಊರಿಗೆ ಕಳಿಸಿದರು. ಅರಸೀಕೆರೆಯಲ್ಲಿ ಇಳಿದಾಗ ಮಳೆ ಹನಿಯುತ್ತಿತ್ತು. ಅಪ್ಪ ಪ್ಲಾಟ್‌ಫಾರಮ್ಮಿನ ಕೊನೆಗೆ, ಜನರಿಲ್ಲದ ಕಡೆಗೆ ನನ್ನನ್ನು ಕರೆದುಕೊಂಡು ಹೋದರು. ನನ್ನ ಮುಖ ಸವರಿದರು. ಆಮೇಲೆ ಕೈಚೀಲದಿಂದ ಒಂದು ಉಣ್ಣೆಯ ಮಫ್ಲರ್ ತೆಗೆದು ನನ್ನ ಕೊರಳಿಗೆ ಸುತ್ತತೊಡಗಿದರು. ಅರ್ಥವಾಗದೆ ಅವರ ಮುಖ ನೋಡಿದೆ. ಅವರು ನನ್ನ ಕಣ್ಣು ತಪ್ಪಿಸಿ, "ಹೊರಗಡೆ ಜನ ಅವ್ರೆ ಕಣೋ. ಗಂಟಲಿಗೆ ಪೆಟ್ಟು ಬಿದ್ದೈತೆ ಅಂದಿದ್ದೀನಿ. ಇದು ಬಿಚ್ಬೇಡ" ಎಂದರು.

ಸಿಟ್ಟು ಬರಬೇಕಿತ್ತು. ಬಂದದ್ದು ಸಮಾಧಾನ. ಹೊರಗೆ ಮಂಡಿಯವರು ಹಾರ ಹಿಡಿದು ನಿಂತಿದ್ದರು. ಮಫ್ಲರಿನ ಮೇಲೆ ಹಾರ ಬಿತ್ತು. ಜಾವಗಲ್ಲಿಗೆ ಹೋಗುವ ದಾರಿಯುದ್ದಕ್ಕೂ ಉಣ್ಣೆ ಕೊರಳನ್ನು ಕಡಿಯುತ್ತಿತ್ತು.

ಊರಿನಲ್ಲಿ ಯುವಕರ ಸಂಘದವರು ಪಂಚಾಯ್ತಿ ಆಫೀಸಿನ ಮುಂದೆ ಶಾಮಿಯಾನ ಹಾಕಿದ್ದರು. ಮೈಕಿನ ಮುಂದೆ ನನ್ನನ್ನು ಕೂರಿಸಿದರು. ಡಾಕ್ಟರು ಮಾತಾಡಬಾರದು ಅಂದಿದ್ದಾರೆ ಎಂದು ಅಪ್ಪನೇ ಎದ್ದು ಹೇಳಿದರು. ಮಾದಿಹಳ್ಳಿಯಿಂದ ಬಂದಿದ್ದ ರತ್ನ ಮಗುವನ್ನು ಎತ್ತಿಕೊಂಡು ಹೆಂಗಸರ ಸಾಲಿನಲ್ಲಿ ನಿಂತಿದ್ದಳು. ನನ್ನ ಕೊರಳನ್ನೂ ಅಪ್ಪನನ್ನೂ ನೋಡಿ ಮುಖ ಬೇರೆ ಕಡೆ ತಿರುಗಿಸಿದಳು. ನನ್ನ ಮಗಳನ್ನು ನಾನು ಮೊದಲು ಕಂಡದ್ದು ಹೀಗೆ, ಆ ಮಫ್ಲರ್ ಸುತ್ತಿಕೊಂಡು.

ಭಾಷಣಗಳ ನಡುವೆ ಒಬ್ಬ ಹೆಂಗಸು ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಬಿಕ್ಕೋಡಿನ ಪುಟ್ಟಮ್ಮ, ಕಾಫಿ ತೋಟದಲ್ಲಿ ಕೂಲಿ ಮಾಡುವವಳು. ಅವಳ ಒಬ್ಬನೇ ಮಗ ಮಂಜ ಅದೇ ಯುದ್ಧದಲ್ಲಿ, ಬೇರೊಂದು ಪಲ್ಟನ್ನಿನಲ್ಲಿದ್ದು ತೀರಿಕೊಂಡಿದ್ದ. ನಾನು ಬರುವ ಸುದ್ದಿಯನ್ನು ಬಸ್ಸಿನವರಿಂದ ಕೇಳಿ ಎರಡು ಬಸ್ಸು ಬದಲಿಸಿ ಬಂದಿದ್ದಳು. ಸಂಘದವರು ಅವಳಿಗೆ ಕುರ್ಚಿ ಕೊಡಲು ಹೋದರು. ಅವಳು ಕೂರಲಿಲ್ಲ. ನನ್ನ ಎದುರು ನಿಂತು, "ಎಲ್ಲಿ ಬಿತ್ತಪ್ಪ, ತೋರ್ಸು" ಎಂದಳು.

ಅಪ್ಪ ಮಧ್ಯೆ ಬಂದು, ಒಳಗಡೆ ಆಗಿರೋದು ಎಂದೇನೋ ಹೇಳಿದರು. ಅವಳು ನನ್ನನ್ನೇ ನೋಡುತ್ತಿದ್ದಳು. ಅವಳ ಮಗನ ಮೈಯನ್ನು ಅವಳಿಗೆ ಪೂರ್ತಿ ತೋರಿಸಿರಲಿಲ್ಲವಂತೆ, ಮುಖದವರೆಗೆ ಮಾತ್ರ ಬಟ್ಟೆ ಸರಿಸಿದ್ದರಂತೆ. ಅದು ನನಗೆ ಆಮೇಲೆ ತಿಳಿಯಿತು. ಆಗ ತಿಳಿದದ್ದು ಇಷ್ಟೇ, ಇವಳ ಮುಂದೆ ಈ ಉಣ್ಣೆ ಸುತ್ತಿಕೊಂಡು ಕೂರಲಾರೆ. ಹಾರ ತೆಗೆದೆ. ಮಫ್ಲರ್ ಬಿಚ್ಚಿದೆ.

ಅವಳು ಬಗ್ಗಿ ನೋಡಿದಳು. ಒರಟು ಬೆರಳಿನಿಂದ ನನ್ನ ಗಂಟಲನ್ನು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಸವರಿದಳು. "ಏನೂ ಆಗಿಲ್ವಲ್ಲಪ್ಪ" ಎಂದಳು.  ಅವಳು ಮತ್ತೊಮ್ಮೆ ಸವರಿ, "ಸದ್ಯ, ಏನೂ ಆಗಿಲ್ಲ" ಎಂದಳು. ಆಮೇಲೆ, ಅಲ್ಲಿ ಹೆಂಗಿತ್ತು ಅಂತ ಹೇಳು ಎಂದು ಕೇಳಿದಳು. ನಾನು ಪಿಸುಗುಟ್ಟಿದೆ. ಅವಳಿಗೆ ಕೇಳಿಸಲಿಲ್ಲ. ಮಾತು ಬಂದ ಮೇಲೆ ಬಂದು ಹೇಳಪ್ಪ ಎಂದು ಹೇಳಿ, ಮಗುವಿನ ಕೆನ್ನೆ ಮುಟ್ಟಿ ಹೋದಳು. ಮೈಕು ಹಿಡಿದಿದ್ದವರು ರಾಷ್ಟ್ರಗೀತೆ ಎಂದರು. ಎಲ್ಲರೂ ಎದ್ದು ನಿಂತರು. ಅಪ್ಪನ ಕೈಯಲ್ಲಿ ಮಫ್ಲರ್ ಇತ್ತು.

ಆಮೇಲಿನ ವಾರಗಳು ಸುಲಭವಾಗಿರಲಿಲ್ಲ. ಆಸ್ಪತ್ರೆಯಲ್ಲಿ ಕೇಳಿದ್ದ ಮಾತೇ ಊರಿನಲ್ಲೂ ಕೇಳಿಸಿತು. ಕ್ಷೌರದಂಗಡಿಯಲ್ಲಿ ನಾನು ಒಳಗೆ ಹೋದರೆ ಮಾತು ಬದಲಾಗುತ್ತಿತ್ತು. ಅಪ್ಪ ಮಂಡಿಗೆ ಹೋಗುವುದನ್ನೇ ಕಡಿಮೆ ಮಾಡಿದರು. ಹೋದರೂ ಬೇಗ ಬಂದು ಜಗಲಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ನನ್ನ ಜೊತೆ ಮಾತು ಬಿಟ್ಟರು. ನನಗೆ ಮೊದಲೇ ಮಾತಿಲ್ಲ. ನಾವಿಬ್ಬರೂ ಊಟಕ್ಕೆ ಕೂತರೆ ತಟ್ಟೆಯ ಸದ್ದು ಮಾತ್ರ. ರತ್ನ ಒಂದು ದಿನ ಸಾರು ಬಡಿಸುತ್ತಾ, ಯಾರನ್ನೂ ನೋಡದೆ, "ಮಾತು ಬರೋರಾದ್ರೂ ಆಡ್ಬೋದು" ಎಂದಳು. 

ಮಗಳ ನಾಮಕರಣ ಮನೆಯಲ್ಲೇ ನಡೆಯಿತು. ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯಾದ ನನ್ನ ಅಕ್ಕನ ಕೆಲಸ. ಅವಳು ಹೇಳಿದ ಮೇಲೆ ರತ್ನ ಕೂಸನ್ನು ನನ್ನ ಮುಂದೆ ಹಿಡಿದು, ನೀವೂ ಹೇಳಿ, ಇದಕ್ಕೇನು ದನಿ ಬೇಡ ಎಂದಳು. ನಾನು ಬಗ್ಗಿ ಆ ಸಣ್ಣ ಕಿವಿಯಲ್ಲಿ ಚೈತ್ರ ಎಂದೆ. ಮಗು ಕಣ್ಣು ಮಿಟುಕಿಸಿತು. ಕೇಳಿಸಿರಬೇಕು. ಆ ತಿಂಗಳುಗಳಲ್ಲಿ ಯಾರಿಗಾದರೂ ನಾನು ಹೇಳಿದ್ದು ಒಂದೇ ಸಲಕ್ಕೆ ಕೇಳಿಸಿದ್ದೆಂದರೆ ಅದೊಂದೇ.

ಜೇನುತುಪ್ಪ, ಹಿಪ್ಪಲಿ, ಮಠದ ವಿಭೂತಿ ಎಲ್ಲ ಆಯಿತು. ರಜೆ ಮುಗಿಯುವ ಮುಂಚೆ ಬೆಂಗಳೂರಿನ ಮಿಲಿಟರಿ ಆಸ್ಪತ್ರೆಗೆ ತೋರಿಸಬೇಕೆಂದು ಆಜ್ಞೆ ಇತ್ತು. ರತ್ನ ಹಸುಗೂಸು ಬಿಟ್ಟು ಬರುವಂತಿರಲಿಲ್ಲ. ಅಪ್ಪ ಬರಬೇಕಾಯಿತು. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಇದ್ದರೂ ಹಿಂದಿನ ಸೀಟಿನಲ್ಲಿ ಕೂತರು.

ಮಾತಿನ ಚಿಕಿತ್ಸೆ ಕೊಡುವ ಡಾಕ್ಟರು ಕನ್ನಡದವರೇ, ನಡುವಯಸ್ಸಿನ ಹೆಂಗಸು. ನನ್ನ ಹಳೆಯ ಕಾಗದಗಳನ್ನೆಲ್ಲ ಓದಿದರು. ಅವರು ಬಾಯಿ ತೆರೆಯುವ ಮುಂಚೆಯೇ ಅಪ್ಪ, ನಾನಲ್ಲಿ ಇಲ್ಲವೇನೋ ಎಂಬಂತೆ, "ಒಂದು ಮಾತು ನಿಜ ಹೇಳ್ಬಿಡಿ ತಾಯಿ. ಇವ್ನು ಬೇಕಂತ ಮಾಡ್ತಿಲ್ಲ ತಾನೇ?" ಎಂದು ಕೇಳಿದರು.

ಅಷ್ಟು ದಿನ ಊರಿಗೆಲ್ಲ ನನ್ನ ಮೇಲೆ ಅನುಮಾನವೆಂದು ಗೊತ್ತಿತ್ತು, ಅಪ್ಪನಿಗೂ ಇದೆ ಎಂದುಕೊಂಡಿರಲಿಲ್ಲ. ನೆಲ ನೋಡುತ್ತಾ ಕೂತೆ. ಡಾಕ್ಟರು ಕಾಗದ ಮಡಿಸಿಟ್ಟು, "ಬೇಕಂತ ಮಾಡೋರು ಇಷ್ಟು ನಾಚಿಕೊಳ್ಳಲ್ಲ ಯಜಮಾನ್ರೇ. ಇವರ ಕೂತಿರೋ ರೀತಿ ನೋಡಿ" ಎಂದರು. ಅಪ್ಪ ನನ್ನ ಕಡೆ ತಿರುಗಿದರು. ಬಹಳ ದಿನಗಳ ಮೇಲೆ ನೇರವಾಗಿ ನನ್ನ ಮುಖ ನೋಡಿದರು.

ಅಲ್ಲೇ ಸೇರಿಸಿಕೊಂಡರು. ದಿನವೂ ಡಾಕ್ಟರು ಕೆಮ್ಮಿಸುವರು. ಆ ಕೆಮ್ಮಿನ ಬಾಲವನ್ನು ಸ್ವಲ್ಪ ಎಳೆಯಿರಿ ಎನ್ನುವರು. ನೀರು ಗಂಟಲಲ್ಲಿಟ್ಟು ಗಳಗಳ ಮಾಡಿಸುವರು, ಬಾಯಿ ಮುಚ್ಚಿ ಗುಂಯ್‌ಗುಡಿಸುವರು. ಒಂದು ದಿನ ಇದನ್ನೆಲ್ಲ ಮಾಡಿಸಿ, ಮೇಜಿನ ಮೇಲಿನ ಪುಸ್ತಕ ಎತ್ತಿಡುತ್ತಾ, ಏನೋ ನೆನಪಾದವರಂತೆ, ತಿಂಡಿ ಆಯ್ತಾ ಎಂದು ಕೇಳಿದರು. ನಾನು ಹೂಂ ಎಂದೆ. ಅದಕ್ಕೆ ದನಿ ಇತ್ತು. ಅವರು ಮುಖದಲ್ಲಿ ಏನೂ ತೋರಿಸದೆ, ಏನು ತಿಂಡಿ ಎಂದರು. ಉಪ್ಪಿಟ್ಟು ಎಂದೆ. ಅದು ನನ್ನ ದನಿಯಾಗಿರಲಿಲ್ಲ. ಗಂಟಲೊಡೆಯುವ ವಯಸ್ಸಿನ ಹುಡುಗರ ಕೀರಲು, ಮಧ್ಯೆ ಒಡೆದು ಎರಡಾಗುವ ಸದ್ದು. ಮಾತು ಬಂತೆಂಬ ಸಂತೋಷದ ಜೊತೆಗೇ, ಈ ದನಿಯಲ್ಲಿ ಊರಿನಲ್ಲಿ ಹೇಗೆ ಬಾಯಿ ತೆರೆಯಲಿ ಎಂಬ ಹೊಸ ನಾಚಿಕೆಯೂ ಬಂತು.

ಅಪ್ಪ ವಾರಕ್ಕೊಮ್ಮೆ ಬರುತ್ತಿದ್ದರು. ಒಂದು ಸಲ ಕಾಯುವ ಹಾಲಿನ ಬೆಂಚಿನ ಮೇಲೆ ಕೂತಿದ್ದೆವು. ಪಕ್ಕದಲ್ಲಿ ಊರುಗೋಲು ಹಿಡಿದ ಮಗನ ಜೊತೆ ಬಂದಿದ್ದ ಒಬ್ಬರು ಅಪ್ಪನನ್ನು, ನಿಮ್ಮ ಹುಡುಗನಿಗೆ ಗುಂಡು ಎಲ್ಲಿ ಬಿತ್ತು ಎಂದು ಕೇಳಿದರು. ಅಪ್ಪ ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು. ನನ್ನ ಕೈ ತಾನಾಗಿ ಕೊರಳಿಗೆ ಹೋಯಿತು. ಅಪ್ಪ ಆ ಕೈಯನ್ನು ನೋಡಿ, "ಗುಂಡೇನೂ ಬಿದ್ದಿಲ್ಲ. ಹೆದರ್ಕೊಂಡು ಮಾತು ನಿಂತೋಗಿತ್ತು" ಎಂದರು.

ಕಿವಿ ಬಿಸಿಯಾಯಿತು. ಎದ್ದು ಹೋಗೋಣವೆನಿಸಿತು. ಆ ಮನುಷ್ಯ ನಗಲಿಲ್ಲ. ಓಹೋ ಎಂದು ತಲೆಯಾಡಿಸಿ, ತನ್ನ ಮಗ ನಿದ್ದೆಯಲ್ಲಿ ಕಿರುಚುವುದನ್ನು ಹೇಳತೊಡಗಿದರು. ಅಪ್ಪ ಕೇಳಿಸಿಕೊಂಡರು. ಮನೆಯಿಂದ ತಂದಿದ್ದ ಚಿತ್ರಾನ್ನವನ್ನು ನಾಲ್ಕು ಪಾಲು ಮಾಡಿದರು. ಆ ದಿನದಿಂದ ನನ್ನ ಜೊತೆ ಮಾತಾಡಿದರು. ಮಂಡಿಯಲ್ಲೂ ಹಾಗೇ ಹೇಳಿದರಂತೆ. ಆದರೆ ಗುಂಡಿನ ಕತೆಯೇ ಜನಕ್ಕೆ ಹಿಡಿಸಿತ್ತು, ಅದೇ ಉಳಿಯಿತು.

ನನ್ನ ಆರೋಗ್ಯದ ದರ್ಜೆ ಇಳಿಸಿ ಉಗ್ರಾಣದ ಕೆಲಸಕ್ಕೆ ಹಾಕಿದರು. ಪೆನ್ಷನ್ ಬರುವವರೆಗೂ ಸಾಮಾನು ಎಣಿಸಿಕೊಂಡಿದ್ದೆ. ಆಮೇಲೆಯೂ ಎರಡು ಸಲ ಧ್ವನಿ ಹೋಗಿದೆ, ಅಪ್ಪ ತೀರಿಕೊಂಡಾಗ ಒಮ್ಮೆ. ಹೆದರದೆ ಕೆಮ್ಮುತ್ತೇನೆ, ಕೆಮ್ಮನ್ನು ಎಳೆಯುತ್ತೇನೆ. ಬರುತ್ತದೆ. ಟೀಚರಮ್ಮನಿಗೂ ಅದನ್ನೇ ಹೇಳಿಕೊಟ್ಟೆ, ಡಾಕ್ಟರ ಹತ್ತಿರವೂ ಕಳಿಸಿದೆ.

ಉಗ್ರಾಣದ ಕೆಲಸಕ್ಕೆ ಹೊರಡುವ ಮುಂಚೆ ಒಂದು ಕೆಲಸ ಬಾಕಿಯಿತ್ತು. ರತ್ನಳನ್ನೂ ಚೈತ್ರಳನ್ನೂ ಕರೆದುಕೊಂಡು ಬೇಲೂರಿಗೆ ಹೋಗಿ, ಅಲ್ಲಿಂದ ಜೀಪು ಹತ್ತಿ ಬಿಕ್ಕೋಡಿಗೆ ಹೋದೆ. ಕೀರಲು ದನಿ ಇನ್ನೂ ಇತ್ತು. ದಾರಿ ಕೇಳಿದರೆ ಜೀಪಿನ ಹುಡುಗರು ಮುಖ ಮುಖ ನೋಡಿಕೊಂಡರು. ರತ್ನಳೇ ಕೇಳಿಕೊಂಡು ಬಂದಳು.

ಪುಟ್ಟಮ್ಮ ತೋಟದ ಕೂಲಿಯಾಳುಗಳ ಲೈನಿನಲ್ಲಿ, ಸಾಲುಮನೆಗಳ ಪೈಕಿ ಒಂದರಲ್ಲಿದ್ದಳು. ಗೋಡೆಯ ಪಕ್ಕ ಕಪ್ಪು ಬಣ್ಣದ ಮಿಲಿಟರಿ ಟ್ರಂಕು, ಮೇಲೆ ಮಗನ ಹೆಸರು. ಅದರ ಮೇಲೇ ಕೂತ್ಕೋ ಎಂದಳು. ನಾನು ನೆಲದ ಮೇಲೆ ಕೂತೆ. ಅವಳೂ ಎದುರಿಗೆ ಕೂತು, ಊಟ ಬಿಸಿಯಾಗಿ ಸಿಗುತ್ತಿತ್ತೇ ಎಂದು ಕೇಳಿದಳು. ಹೌದು ಎನ್ನಲು ಬಾಯಿ ತೆರೆದೆ. ಇಲ್ಲ ಎಂದೆ. ಪೂರಿಯನ್ನು ಜೇಬಿನಲ್ಲಿಟ್ಟುಕೊಳ್ಳುತ್ತಿದ್ದದ್ದನ್ನು, ನೀರಿನ ಸೀಮೆಎಣ್ಣೆ ವಾಸನೆಯನ್ನು, ಕಾಲ್ಬೆರಳು ಕಲ್ಲಾಗುತ್ತಿದ್ದದ್ದನ್ನು ಹೇಳಿದೆ. ಅವಳ ಮಗ ನನಗೆ ಗೊತ್ತಿರಲಿಲ್ಲ, ಅವನಿದ್ದ ಬೆಟ್ಟ ಬೇರೆ ಎಂಬುದನ್ನೂ ಹೇಳಿದೆ. ದನಿ ಪದೇಪದೇ ಒಡೆಯುತ್ತಿತ್ತು. ಅವಳು ಅದನ್ನು ಗಮನಿಸಿದಂತೆಯೇ ಕಾಣಲಿಲ್ಲ.

ಬಂದವರೆಲ್ಲ ಅವಳಿಗೆ ಒಂದೇ ಮಾತು ಹೇಳಿ ಹೋಗಿದ್ದರು. ನಿನ್ನ ಮಗ ಹುಲಿ, ಹೆದರಲೇ ಇಲ್ಲ. ಅದನ್ನು ಹೇಳಿ ಅವಳು ಟ್ರಂಕಿನ ಕಡೆ ನೋಡಿದಳು. "ಮಬ್ಬಾದ್ರೆ ಹಿತ್ಲಿಗೆ ಹೋಗೋಕೂ ನನ್ನ ಕರೀತಿದ್ದ ಕಣಪ್ಪ ಅವ್ನು. ಅಲ್ಲಿ ನಿಂಗೆ ಹೆದ್ರಿಕೆ ಆಯ್ತಿತ್ತಾ?"

ರತ್ನ ನನ್ನನ್ನು ನೋಡಿದಳು. ಈ ಪ್ರಶ್ನೆಯನ್ನು ಅವಳೂ ಕೇಳಿರಲಿಲ್ಲ.

"ಆಗ್ತಿತ್ತಮ್ಮ" ಎಂದೆ. "ನಂಗೆ ತುಂಬಾ ಆಗ್ತಿತ್ತು. ಎಲ್ರಿಗೂ ಆಗ್ತಿತ್ತು. ಹೇಳ್ಕೋತಿರ್ಲಿಲ್ಲ."

ಕೊನೆಯ ಮಾತು ಪೂರ್ತಿ ಕೀರಲಾಗಿ ಹೋಯಿತು. ಮಗು ಗಾಬರಿಯಾಗಿ ನನ್ನತ್ತ ತಿರುಗಿತು. ಪುಟ್ಟಮ್ಮ ಕೈಚಾಚಿ ಚೈತ್ರಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಸೆರಗಿನಿಂದ ಮಗುವಿನ ಬಾಯಿಯ ಜೊಲ್ಲು ಒರೆಸಿದಳು. ಬಹಳ ಹೊತ್ತು ಅದರ ಬೋಳು ತಲೆಯನ್ನು ಸವರುತ್ತಾ ಕೂತಿದ್ದು, ಆಮೇಲೆ ನಮಗೆ ಹೇಳುವಂತಲ್ಲದೆ, ತನಗೇ ಎಂಬಂತೆ ಹೇಳಿಕೊಂಡಳು.

"ಹಂಗಾದ್ರೆ ಹೆದರ್ಕೊಂಡೋನು ನನ್ ಮಗ ಒಬ್ನೇ ಅಲ್ಲ ಅನ್ನು."